ಡ್ರ್ಯಾಗನ್ ಬಿಟ್ಟು ಬೇರೇನೂ ಓದದ ಒಂಬತ್ತು ವರ್ಷದ ಮಗಳಿಗೆ ಮುಂದೇನು ಕೊಡಲಿ?

ಹಾಸನದಮ್ಮ:
ಮಗಳಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಗೆಳತಿಯೊಬ್ಬಳು ‘ವಿಂಗ್ಸ್ ಆಫ್ ಫೈರ್’ ಸರಣಿಯ ಮೊದಲ ಪುಸ್ತಕ ಓದಲು ಕೊಟ್ಟಳು, ಅಲ್ಲಿಂದ ಶುರು. ಈಗ ಐದನೆಯದು ಮುಗಿಯುತ್ತಾ ಬಂದಿದೆ. ಬೇರೆ ಏನು ಕೊಟ್ಟರೂ ಎರಡು ಪುಟ ತಿರುವಿ ‘ಇದರಲ್ಲಿ ಡ್ರ್ಯಾಗನ್ ಇಲ್ಲ’ ಅಂತ ಪಕ್ಕಕ್ಕಿಡುತ್ತಾಳೆ. ಓದುತ್ತಿದ್ದಾಳಲ್ಲ ಅಂತ ಖುಷಿಯೇ. ಆದರೆ ಊಟದ ಹೊತ್ತಿಗೆ ಅವಳು ಹೇಳುವ ಕತೆ ಕೇಳಿದರೆ ಯಾರೋ ಯಾರನ್ನೋ ಸುಟ್ಟರು, ಯಾರದೋ ಕತ್ತು ಮುರಿಯಿತು, ಇದೇ. ಈ ವಯಸ್ಸಿಗೆ ಇದು ಸರಿಯಾ? ಸರಣಿ ಮುಗಿದ ಮೇಲೆ ಏನು ಕೊಡಬಹುದು? ಆರು ವರ್ಷದ ತಮ್ಮನೂ ಅಕ್ಕನನ್ನು ನೋಡಿ ಡ್ರ್ಯಾಗನ್ ಬೇಕು ಅಂತ ಹಟ ಹಿಡಿದಿದ್ದಾನೆ. ಕನ್ನಡದಲ್ಲಿ ಏನಾದರೂ ಇದ್ದರೆ ಇನ್ನೂ ಒಳ್ಳೆಯದು.

ಪುಸ್ತಕದಹುಳು:
ಬಹಳ ವರ್ಷ ಶಾಲೆಯ ಲೈಬ್ರರಿ ನೋಡಿಕೊಂಡವಳು ನಾನು. ಈ ಸರಣಿಯ ಪುಸ್ತಕಗಳಿಗೆ ಬೈಂಡ್ ಹಾಕಿಸಿ ಹಾಕಿಸಿ ಸಾಕಾಗಿತ್ತು, ಅಷ್ಟು ಕೈ ಬದಲಾಗುತ್ತಿದ್ದವು.

ಹಿಂಸೆ ಇದೆ, ಇಲ್ಲ ಅನ್ನುವುದಿಲ್ಲ. ಮೊದಲ ಪುಸ್ತಕದ ಆರಂಭದಲ್ಲೇ ಮೊಟ್ಟೆ ಹೊತ್ತು ಬರುತ್ತಿದ್ದ ಹಿಮದ ಡ್ರ್ಯಾಗನ್ ಒಂದನ್ನು ಬರ್ನ್ ಅನ್ನುವ ರಾಜಕುಮಾರಿ ಕೊಂದು ಹಾಕುತ್ತಾಳೆ, ಮೊಟ್ಟೆಯನ್ನು ಪ್ರಪಾತಕ್ಕೆ ಎಸೆಯುತ್ತಾಳೆ. ಆಮೇಲೆ ಸ್ಕಾರ್ಲೆಟ್ ರಾಣಿ ಕೈದಿಗಳನ್ನು ಕಣಕ್ಕಿಳಿಸಿ, ಅವರು ಸಾಯುವವರೆಗೂ ಹೊಡೆದಾಡುವುದನ್ನು ಕೂತು ನೋಡುತ್ತಾಳೆ. ಪೆರಿಲ್ ಅನ್ನುವವಳು ಮುಟ್ಟಿದರೆ ಸಾಕು, ಎದುರಿಗಿದ್ದವರು ಸುಟ್ಟು ಹೋಗುತ್ತಾರೆ.

ಆದರೆ ಕತೆ ಯಾರ ಪರ ನಿಂತಿದೆ ನೋಡಿ. ಮೂವರು ಅಕ್ಕತಂಗಿಯರು ತಾಯಿಯ ಸಿಂಹಾಸನಕ್ಕೆ ಕಿತ್ತಾಡಿ ಇಡೀ ಖಂಡವನ್ನೇ ಯುದ್ಧಕ್ಕೆ ಎಳೆದಿದ್ದಾರೆ. ಅದನ್ನು ನಿಲ್ಲಿಸಬೇಕಾದವರು ಗುಹೆಯೊಳಗೆ ಬೆಳೆದ ಐದು ಮರಿಗಳು. ಅದರಲ್ಲಿ ಕ್ಲೇ ಅನ್ನುವವನಿಗೆ ಸಾಕಿದವರು ಒಂದು ಮಾತು ತುಂಬಿದ್ದಾರೆ: ನೀನು ಹುಟ್ಟಿದ ಕೂಡಲೇ ಬೇರೆ ಮೊಟ್ಟೆಗಳ ಮೇಲೆ ಬಿದ್ದೆ, ಕೊಲ್ಲುವುದು ನಿನ್ನ ರಕ್ತದಲ್ಲೇ ಇದೆ ಅಂತ. ನಿಮ್ಮ ಮಗಳು ಆ ಪುಸ್ತಕ ಮುಗಿಸಿದ್ದಾಳೆ, ಹಾಗಾಗಿ ಗುಟ್ಟು ಬಿಟ್ಟುಕೊಡುತ್ತೇನೆ. ಅವನು ಒಳಗಿದ್ದ ಮರಿಗಳು ಹೊರಗೆ ಬರಲಿ ಅಂತ ಚಿಪ್ಪು ಒಡೆಯಲು ಹೋಗಿದ್ದ, ಅಷ್ಟೇ. ‘ನೀನು ಕೆಟ್ಟವನು’ ಅನ್ನಿಸಿಕೊಂಡು ಬೆಳೆದ ಎಷ್ಟು ಹುಡುಗರು ಆ ಜಾಗ ಓದಿ ನನ್ನ ಹತ್ತಿರ ಬಂದು ಮಾತಾಡಿದ್ದಾರೆ ಗೊತ್ತಾ.

ಒಂದು ಎಚ್ಚರಿಕೆ ಮಾತ್ರ ಇರಲಿ. 2018ರಿಂದ ಇದೇ ಕತೆಗಳು ಗ್ರಾಫಿಕ್ ನಾವೆಲ್ ಆಗಿಯೂ ಬರುತ್ತಿವೆ. ಅಕ್ಷರ ಓದುವಾಗ ಮಗು ತನಗೆ ತಡೆಯುವಷ್ಟನ್ನೇ ಕಲ್ಪಿಸಿಕೊಳ್ಳುತ್ತದೆ. ಚಿತ್ರದಲ್ಲಿ ಹಾಗಲ್ಲ, ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಆರು ವರ್ಷದವನ ಕೈಗೆ ಅವು ಸಿಗದಿರಲಿ.

ರಾಜಾಜಿನಗರ ತಾತ:
ಇದರಲ್ಲಿ ನಮ್ಮ ಮನೆಯದೂ ಒಂದು ಕತೆ ಇದೆ. ಮೊಮ್ಮಗ ಹುಟ್ಟುಹಬ್ಬಕ್ಕೆ ‘ವಿಂಗ್ಸ್ ಆಫ್ ಫೈರ್’ ಬೇಕು ಅಂದ. ನನಗೆ ಖುಷಿಯೋ ಖುಷಿ, ಈ ಕಾಲದ ಹುಡುಗ ಕಲಾಂ ಆತ್ಮಚರಿತ್ರೆ ಕೇಳುತ್ತಿದ್ದಾನಲ್ಲ ಅಂತ. ಒಳ್ಳೆಯ ಪ್ರತಿ ತಂದು ಕೊಟ್ಟೆ. ಅವನು ಮುಖಪುಟ ನೋಡಿದ, ನನ್ನ ಮುಖ ನೋಡಿದ, ‘ಥ್ಯಾಂಕ್ಯೂ ತಾತ’ ಅಂದು ಒಳಗೆ ಹೋದ. ಆಮೇಲೆ ಸೊಸೆ ಬಂದು ವಿಷಯ ಬಿಡಿಸಿ ಹೇಳಿದಳು. ರಾಕೆಟ್ಟೂ ಬೆಂಕಿ ಉಗುಳುತ್ತದಲ್ಲಪ್ಪ ಅಂದೆ, ಅವನು ಒಪ್ಪಲಿಲ್ಲ.

ಆನ್‌ಲೈನಿನಲ್ಲಿ ತರಿಸುವವರು ಲೇಖಕಿಯ ಹೆಸರು ಸೇರಿಸಿಯೇ ಹುಡುಕಿ: ಟುಯಿ ಸದರ್ಲ್ಯಾಂಡ್. ಬರೀ ಶೀರ್ಷಿಕೆ ಹಾಕಿದರೆ ಕಲಾಂ ಅವರೇ ಮೊದಲು ಬರುತ್ತಾರೆ. ಅವರ ಪುಸ್ತಕ 1999ರದು, ಡ್ರ್ಯಾಗನ್ ಸರಣಿ ಶುರುವಾಗಿದ್ದು 2012ರಲ್ಲಿ.

ನೈಟ್‌ವಿಂಗ್ ಹುಡುಗಿ:
ತಾತ 😂😂

ಹಾಸನದಮ್ಮ ಆಂಟಿ, ನನಗೆ ಹದಿಮೂರು. ಅಮ್ಮನ ಅಕೌಂಟಿಂದ ಬರೆಯುತ್ತಿದ್ದೇನೆ, ಅಮ್ಮನಿಗೆ ಗೊತ್ತು. ದಯವಿಟ್ಟು ಐದಕ್ಕೇ ನಿಲ್ಲಿಸಬೇಡಿ!! ಮೊದಲ ಐದು ಒಂದು ಕತೆ, ಆಮೇಲೆ ಐದು ಇನ್ನೊಂದು, ಅದಾದ ಮೇಲಿನ ಐದು ಬೇರೆಯೇ ಖಂಡದ ಕತೆ. ಹದಿನೈದನೆಯದು 2022ರಲ್ಲಿ ಬಂತು. ಒಂದೊಂದು ಪುಸ್ತಕವೂ ಒಂದೊಂದು ಡ್ರ್ಯಾಗನ್ ಕಣ್ಣಿನಿಂದ ನಡೆಯುತ್ತದೆ. ಮೊದಲನೆಯದು ಕ್ಲೇ, ಆಮೇಲೆ ಸುನಾಮಿ, ಗ್ಲೋರಿ, ಸ್ಟಾರ್‌ಫ್ಲೈಟ್, ಸನ್ನಿ. ಅದಕ್ಕೇ ಯಾರನ್ನೂ ಪೂರ್ತಿ ದ್ವೇಷಿಸಲು ಆಗಲ್ಲ, ಒಬ್ಬರ ಪುಸ್ತಕದಲ್ಲಿ ಸಿಟ್ಟು ಬರಿಸಿದವರು ಅವರದ್ದೇ ಪುಸ್ತಕದಲ್ಲಿ ಪಾಪ ಅನಿಸುತ್ತಾರೆ. ಆರನೆಯದರಲ್ಲಿ ಮೂನ್ ಬರುತ್ತಾಳೆ, ಅವಳಿಗೆ ಎಲ್ಲರ ಮನಸ್ಸಿನ ಮಾತೂ ಕೇಳಿಸುತ್ತದೆ, ಹೊಸ ಶಾಲೆಗೆ ಸೇರಿದ ಮೊದಲ ದಿನ ಎಲ್ಲರೂ ಒಳಗೊಳಗೆ ಏನೇನು ಯೋಚಿಸುತ್ತಾರೆ ಅಂತ ಕೇಳಿಸಿಕೊಂಡು ಒದ್ದಾಡುತ್ತಾಳೆ. ನಾನು ಶಾಲೆ ಬದಲಾಯಿಸಿದ ವರ್ಷ ಅದನ್ನು ಓದಿದ್ದು. ನನ್ನ ಫೇವರಿಟ್ ಅದೇ.

ಪುಸ್ತಕದ ಶುರುವಿನಲ್ಲಿ ಒಂದೊಂದು ಕುಲದ ಚಿತ್ರ, ಶಕ್ತಿ, ರಾಣಿ ಯಾರು ಅಂತ ಪಟ್ಟಿ ಇರುತ್ತೆ ಅಲ್ವಾ, ನಾವು ಕ್ಲಾಸಲ್ಲಿ ಎಲ್ಲರಿಗೂ ಒಂದೊಂದು ಕುಲ ಹಂಚಿದ್ದೆವು. ನಮ್ಮ ಗಣಿತ ಮಿಸ್ ಐಸ್‌ವಿಂಗ್, ಅಂದರೆ ಹಿಮದ ಕುಲ.

ಡಲ್ಲಾಸ್ ಕನ್ನಡಿಗ:
ಇಲ್ಲಿಯೂ ಅದೇ ಹುಚ್ಚು. ಲೈಬ್ರರಿಯ ಆ ಕಪಾಟು ಯಾವಾಗಲೂ ಅರ್ಧ ಖಾಲಿ. ನಮ್ಮ ಇಬ್ಬರೂ ಮಕ್ಕಳು ಈ ದಾರಿಯಲ್ಲೇ ಬಂದವರು, ಹಾಗಾಗಿ ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಆರು ವರ್ಷದವನಿಗೆ ಟ್ರೇಸಿ ವೆಸ್ಟ್ ಬರೆದ ‘ಡ್ರ್ಯಾಗನ್ ಮಾಸ್ಟರ್ಸ್’. 2014ರಲ್ಲಿ ಶುರುವಾದ ಸರಣಿ. ಡ್ರೇಕ್ ಅನ್ನುವ ಎಂಟು ವರ್ಷದ ಹುಡುಗ ಈರುಳ್ಳಿ ಹೊಲದಲ್ಲಿ ಕೆಲಸ ಮಾಡುತ್ತಿರುತ್ತಾನೆ, ರಾಜನ ಸೈನಿಕ ಬಂದು ಅರಮನೆಗೆ ಎತ್ತಿಕೊಂಡು ಹೋಗುತ್ತಾನೆ. ಎಲ್ಲರಿಗೂ ಬೆಂಕಿ, ನೀರು, ಸೂರ್ಯನ ಡ್ರ್ಯಾಗನ್ ಸಿಕ್ಕಿದರೆ ಇವನಿಗೆ ಸಿಗುವುದು ಹುಳದ ಹಾಗಿರುವ ಕಂದು ಬಣ್ಣದ ವರ್ಮ್. ಚಿಕ್ಕ ಅಧ್ಯಾಯ, ದೊಡ್ಡ ಅಕ್ಷರ, ತುಂಬಾ ಚಿತ್ರ. ನನ್ನ ಕಿರಿಯ ತಾನೇ ಓದಿ ಮುಗಿಸಿದ ಮೊದಲ ಪುಸ್ತಕ ಇದು. ಸಾಹಿತ್ಯವೇನಲ್ಲ ಬಿಡಿ, ನಾಲ್ಕನೆಯದರ ಹೊತ್ತಿಗೆ ನನಗೆ ಬೇಜಾರು ಬಂದಿತ್ತು. ಅವನಿಗೆ ಬರಲಿಲ್ಲ.

ದೊಡ್ಡವಳಿಗೆ ಕ್ರೆಸಿಡಾ ಕೊವೆಲ್ ಅವರ ‘ಹೌ ಟು ಟ್ರೇನ್ ಯುವರ್ ಡ್ರ್ಯಾಗನ್’. ಸಿನಿಮಾ ನೋಡಿದ್ದೇವೆ ಅಂತ ಬಿಟ್ಟುಬಿಡಬೇಡಿ, ಪುಸ್ತಕವೇ ಬೇರೆ. ಸಿನಿಮಾದ ಟೂತ್‌ಲೆಸ್ ಕಪ್ಪಗೆ ಭಾರಿ ಗಾತ್ರದ ಡ್ರ್ಯಾಗನ್. ಪುಸ್ತಕದಲ್ಲಿ ಅವನು ಪುಟಾಣಿ, ಹಲ್ಲಿಲ್ಲ, ಸೋಂಬೇರಿ, ಒಂದು ಮಾತೂ ಕೇಳುವುದಿಲ್ಲ. ಡ್ರ್ಯಾಗನ್ ಪಳಗಿಸುವುದು ಹೇಗೆ ಅಂತ ಕಥಾನಾಯಕ ಹಿಕಪ್ ಒಂದು ಕೈಪಿಡಿ ಹುಡುಕಿ ತೆಗೆದರೆ, ಇಡೀ ಪುಸ್ತಕದಲ್ಲಿ ಇರುವುದು ಒಂದೇ ಸಲಹೆ: ಅದರ ಮೇಲೆ ಜೋರಾಗಿ ಕಿರುಚು. ಪಾಪದ ಹುಡುಗ, ಕಿರುಚಲು ಬರುವುದಿಲ್ಲ, ಮಾತಾಡಿ ಒಲಿಸಿಕೊಳ್ಳಬೇಕು. 2003ರಿಂದ 2015ರವರೆಗೆ ಹನ್ನೆರಡು ಪುಸ್ತಕ ಬಂದಿವೆ. ಮೊದಲು ಬರೀ ತಮಾಷೆ, ಬರಬರುತ್ತಾ ಗಂಭೀರವಾಗುತ್ತದೆ. ಹನ್ನೆರಡನೆಯದನ್ನು ಓದಿ ಮಗಳು ಬಿಕ್ಕಿ ಬಿಕ್ಕಿ ಅತ್ತಳು, ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಂಡೆ.

ಸತ್ಯವಾದಿ:
ಎಲ್ಲ ಸರಿ, ನಮ್ಮಲ್ಲಿ ಕತೆಗಳಿಗೆ ಬರವೇ? ರಾಮಾಯಣ, ಮಹಾಭಾರತ, ಪಂಚತಂತ್ರ ಬಿಟ್ಟು ಪರದೇಶದ ಹಲ್ಲಿಗಳ ಹಿಂದೆ ಯಾಕೆ ಬೀಳಬೇಕು? ಹಿಂಸೆ ಬೇರೆ ಇದೆ ಅನ್ನುತ್ತಿದ್ದೀರಿ. ಮೊದಲು ನಮ್ಮದು ಓದಿಸಿ, ಆಮೇಲೆ ಹೊರಗಿನದು.

ಪುಸ್ತಕದಹುಳು:
ಸರ್, ಸಿಂಹಾಸನಕ್ಕಾಗಿ ಒಂದೇ ಮನೆಯವರು ಕಿತ್ತಾಡಿ ಎಲ್ಲರನ್ನೂ ಸಾಯಿಸುವ ಕತೆ ಬೇಡ ಅಂತ ಮಹಾಭಾರತ ಕೊಡುವುದೇ? 🙂 ಎರಡೂ ಓದಲಿ ಬಿಡಿ. ನನ್ನ ಲೈಬ್ರರಿಯಲ್ಲಿ ಪುರಾಣ ಓದುವ ಮಕ್ಕಳೂ ಡ್ರ್ಯಾಗನ್ ಓದುವ ಮಕ್ಕಳೂ ಬೇರೆಬೇರೆ ಇರಲಿಲ್ಲ, ಹೆಚ್ಚಾಗಿ ಅವರೇ ಇವರು.

ಕುಂದಾಪ್ರ ಮಾಣಿ:
ಸತ್ಯವಾದಿಯವರೇ, ಡ್ರ್ಯಾಗನ್ ಅಷ್ಟು ಪರದೇಶದ್ದೂ ಅಲ್ಲ. ಋಗ್ವೇದದ ವೃತ್ರನನ್ನೇ ನೋಡಿ. ಮಲೆಯ ಮೇಲೆ ಮಲಗಿ ನೀರೆಲ್ಲ ತಡೆಹಿಡಿದ ಮಹಾಸರ್ಪ, ಇಂದ್ರ ವಜ್ರಾಯುಧದಿಂದ ಹೊಡೆದು ನೀರು ಬಿಡಿಸುತ್ತಾನೆ. ಯುರೋಪಿನ ಕತೆಗಳಲ್ಲಿ ಡ್ರ್ಯಾಗನ್ ನಿಧಿಯ ಮೇಲೆ ಮಲಗುತ್ತದೆ, ವೀರ ಬಂದು ಕೊಲ್ಲುತ್ತಾನೆ. ನಿಧಿಯ ಜಾಗದಲ್ಲಿ ನೀರು ಇಟ್ಟರೆ ಆಯಿತು.

ಚೀನಾದ ಕಡೆಯದು ಇನ್ನೂ ಹತ್ತಿರ. ಅಲ್ಲಿನ ಡ್ರ್ಯಾಗನ್ ಬೆಂಕಿ ಉಗುಳುವುದಿಲ್ಲ, ಮಳೆ ತರುತ್ತದೆ, ನದಿ ಸಮುದ್ರ ಕಾಯುತ್ತದೆ. ಬೌದ್ಧ ಗ್ರಂಥಗಳು ಚೀನೀ ಭಾಷೆಗೆ ಹೋದಾಗ ನಮ್ಮ ನಾಗರಾಜರು ಅಲ್ಲಿನ ಡ್ರ್ಯಾಗನ್ ರಾಜರ ಜೊತೆ ಬೆರೆತುಹೋದರು. ನಮ್ಮ ಊರಿನ ನಾಗಬನದಲ್ಲಿ ಮರ ಕಡಿಯುವ ಹಾಗಿಲ್ಲ ಅಂತ ಕೇಳಿ ಬೆಳೆದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಈ ಜಾತಿಯ ಡ್ರ್ಯಾಗನ್ ಬೇಕಿದ್ದರೆ ಗ್ರೇಸ್ ಲಿನ್ ಬರೆದ ‘ವೇರ್ ದ ಮೌಂಟನ್ ಮೀಟ್ಸ್ ದ ಮೂನ್’ ಕೊಡಿ. 2009ರ ಪುಸ್ತಕ, ಮರುವರ್ಷ ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಆನರ್ ಬಂತು. ಬಡ ಊರಿನ ಮಿನ್‌ಲಿ ಅನ್ನುವ ಹುಡುಗಿ ಮನೆಯ ಕಷ್ಟ ಕಳೆಯಬೇಕು ಅಂತ ಚಂದ್ರನ ಮುದುಕನನ್ನು ಹುಡುಕಿ ಹೊರಡುತ್ತಾಳೆ, ದಾರಿಯಲ್ಲಿ ಹಾರಲು ಬಾರದ ಡ್ರ್ಯಾಗನ್ ಜೊತೆಯಾಗುತ್ತದೆ. ಮುದುಕನನ್ನು ಒಂದೇ ಪ್ರಶ್ನೆ ಕೇಳಬಹುದು. ತನ್ನದು ಕೇಳಬೇಕೋ ಗೆಳೆಯನದೋ? ಕತೆಯೊಳಗೆ ಕತೆ, ಅದರೊಳಗೆ ಇನ್ನೊಂದು, ಪಂಚತಂತ್ರ ಕೇಳಿದ ಮಕ್ಕಳಿಗೆ ದಾರಿ ತಪ್ಪುವುದೇ ಇಲ್ಲ. ಇದರಲ್ಲಿ ರಕ್ತಪಾತವೂ ಇಲ್ಲ ಹಾಸನದಮ್ಮ, ಒಂಬತ್ತಕ್ಕೆ ಹೇಳಿ ಮಾಡಿಸಿದ ಹಾಗಿದೆ.

ಸತ್ಯವಾದಿ:
ವೃತ್ರನ ವಿಷಯ ಒಪ್ಪಿದೆ. ಹಲ್ಲಿ ಅಂದಿದ್ದು ವಾಪಸ್ ತೆಗೆದುಕೊಳ್ಳುವುದಿಲ್ಲ.

ಅಡಿಕೆ ತೋಟ:
ಹಲ್ಲಿ ಅಂದಿರಲ್ಲ, ನಮ್ಮ ತೋಟದಲ್ಲಿ ನಿಜವಾದ ಹಾರುವ ಹಲ್ಲಿಗಳೇ ಇವೆ. ಹಾರುವ ಓತಿ. ಪಕ್ಕೆಲುಬು ಅಗಲಿಸಿ ಚರ್ಮದ ರೆಕ್ಕೆ ಬಿಚ್ಚಿ ಒಂದು ಮರದಿಂದ ಇನ್ನೊಂದಕ್ಕೆ ತೇಲಿಕೊಂಡು ಹೋಗುತ್ತದೆ. ಗಂಡಿಗೆ ಗಂಟಲ ಕೆಳಗೆ ಹಳದಿ ಚೀಲ, ಅದನ್ನು ಬಾವುಟದ ಹಾಗೆ ಆಡಿಸುತ್ತದೆ. ವಿಜ್ಞಾನಿಗಳು ಇಟ್ಟ ಹೆಸರೇ ಡ್ರೇಕೊ, ಲ್ಯಾಟಿನ್‌ನಲ್ಲಿ ಡ್ರ್ಯಾಗನ್ ಅಂತ. ಬೆಂಕಿ ಇಲ್ಲ, ತಿನ್ನುವುದು ಇರುವೆ. ಸುಮ್ನೆ ಕಾಂಡಕ್ಕೆ ಅಂಟಿಕೊಂಡು ಕೂತಿದ್ದರೆ ಗೊತ್ತೇ ಆಗುವುದಿಲ್ಲ, ಹಾರಿದಾಗಲೇ ಕಾಣುವುದು.

ಕನ್ನಡದಲ್ಲಿ ಏನಿದೆ ಅಂತ ಕೇಳಿದಿರಿ. ತೇಜಸ್ವಿಯವರ ‘ಕರ್ವಾಲೊ’ ಇದೆಯಲ್ಲ! 1980ರದು. ಫ್ಯಾಂಟಸಿ ಅಲ್ಲ, ನಿಜ. ಆದರೆ ಒಂದು ವಿಚಿತ್ರ ಪ್ರಾಣಿ, ಅದನ್ನು ಮೊದಲು ಕಂಡ ಹಳ್ಳಿ ಹುಡುಗ ಮಂದಣ್ಣ, ಅವನನ್ನು ಬೇರೆ ಯಾರೂ ನಂಬದಿದ್ದಾಗ ನಂಬುವ ವಿಜ್ಞಾನಿ, ಕಾಡಿನೊಳಗೆ ಒಂದು ದಂಡೇ ಹೊರಡುವುದು, ಕಿವಿ ಅನ್ನುವ ನಾಯಿ, ಬಿರಿಯಾನಿ ಕರಿಯಪ್ಪ. ಡ್ರ್ಯಾಗನ್ ಹುಡುಕಿ ಹೊರಟವರ ಕತೆಗೆ ಇನ್ನೇನು ಬೇಕು? ಒಂಬತ್ತು ವರ್ಷಕ್ಕೆ ತಾನೇ ಓದುವುದು ಕಷ್ಟ. ದಿನಾ ಸ್ವಲ್ಪ ನೀವು ಓದಿ ಹೇಳಿ, ದೊಡ್ಡವರ ಮಾತುಕತೆ ಬಂದ ಕಡೆ ಹಾರಿಸಿ.

ನೈಟ್‌ವಿಂಗ್ ಹುಡುಗಿ:
ಕರ್ನಾಟಕದಲ್ಲಿ ಡ್ರೇಕೊ ಇದೆ ಅಂತ ಯಾರೂ ಯಾಕೆ ಹೇಳಲಿಲ್ಲ ನನಗೆ??? ಅಮ್ಮಾ ರಜಕ್ಕೆ ಮಲೆನಾಡು.

ದಾವಣಗೆರೆ ಅಪ್ಪ:
ಕನ್ನಡದ ಬಗ್ಗೆ ನನ್ನದೂ ಒಂದು ದೂರು ಇದೆ. ಅಂಗಡಿಗೆ ಹೋದರೆ ಎಂಟರಿಂದ ಹನ್ನೆರಡು ವರ್ಷದವರಿಗೆ ತೆನಾಲಿ ರಾಮ, ಬೀರಬಲ್, ಮಹಾಪುರುಷರ ಜೀವನ. ಚಿಕ್ಕ ಮಕ್ಕಳ ಚಿತ್ರಪುಸ್ತಕ ಈಗ ಚೆನ್ನಾಗಿ ಬರುತ್ತಿವೆ, ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಕತೆಗಳು ಪುಕ್ಕಟೆ ಸಿಗುತ್ತವೆ. ಆದರೆ ಒಂದು ಮುಗಿಸಿದ ಕೂಡಲೇ ಮುಂದಿನ ಭಾಗ ಎಲ್ಲಿ ಅಂತ ಮಗು ಅಳುವ ದಪ್ಪ ಸರಣಿ? ಆ ವಯಸ್ಸಿನಲ್ಲಿ ಮಕ್ಕಳು ಇಂಗ್ಲಿಷಿಗೆ ಹೋಗಿಬಿಡುತ್ತಾರೆ, ಆಮೇಲೆ ‘ಕನ್ನಡ ಓದಲ್ಲ’ ಅಂತ ನಾವೇ ಗೊಣಗುತ್ತೇವೆ.

ನಮ್ಮ ಮನೆಯಲ್ಲಿ ಮಾಡುವುದು ಇಷ್ಟು. ಹಕ್ಕುಸ್ವಾಮ್ಯ ಮುಗಿದ ಹಳೆಯ ಡ್ರ್ಯಾಗನ್ ಕತೆಗಳು ಗುಟೆನ್‌ಬರ್ಗ್ ತಾಣದಲ್ಲಿ ಇವೆ. ಅವನ್ನು ನಾನು ಮೊದಲು ಓದಿಕೊಂಡು ರಾತ್ರಿ ಕನ್ನಡದಲ್ಲಿ ಹೇಳುತ್ತೇನೆ. ಕೆನೆತ್ ಗ್ರಹಾಂ 1898ರಲ್ಲಿ ಬರೆದ ‘ದ ರಿಲಕ್ಟೆಂಟ್ ಡ್ರ್ಯಾಗನ್’ ನಮ್ಮ ಮನೆಯಲ್ಲಿ ಸೂಪರ್ ಹಿಟ್. ಆ ಡ್ರ್ಯಾಗನ್‌ಗೆ ಜಗಳ ಬೇಡ, ಕವಿತೆ ಬರೆದುಕೊಂಡು ಬೆಟ್ಟದ ಮೇಲೆ ಬಿಸಿಲು ಕಾಯಿಸುತ್ತಾ ಇರಬೇಕು. ಊರಿನವರಿಗೋ ಯುದ್ಧ ನೋಡಬೇಕು, ಕೊಲ್ಲಲು ಸೇಂಟ್ ಜಾರ್ಜ್ ಬೇರೆ ಬಂದಿದ್ದಾನೆ. ಒಬ್ಬ ಹುಡುಗ ಮಧ್ಯಸ್ಥಿಕೆ ವಹಿಸಿ ಇಬ್ಬರಿಗೂ ರಾಜಿ ಮಾಡಿಸಿ ಸುಳ್ಳು ಯುದ್ಧ ಆಡಿಸುತ್ತಾನೆ. ಯಕ್ಷಗಾನದ ಯುದ್ಧದ ಥರ ಕುಣಿಸಿ ಹೇಳಿದೆ, ಮಕ್ಕಳು ಬಿದ್ದು ಬಿದ್ದು ನಕ್ಕರು. ಈ. ನೆಸ್ಬಿಟ್ ಅವರ ‘ದ ಬುಕ್ ಆಫ್ ಡ್ರ್ಯಾಗನ್ಸ್’ ಕೂಡ ಹೀಗೇ, ಮೊದಲ ಕತೆಯಲ್ಲಿ ಪುಟ್ಟ ರಾಜ ಪುಸ್ತಕ ತೆರೆದರೆ ಚಿತ್ರದಲ್ಲಿದ್ದ ಪ್ರಾಣಿಗಳು ಎದ್ದು ಹಾರಿಹೋಗುತ್ತವೆ, ಕೊನೆಗೆ ಡ್ರ್ಯಾಗನ್ ಕೂಡ. ಅವುಗಳ ಇಂಗ್ಲಿಷ್ ಹಳೆಯದು, ಮಗುವಿನ ಕೈಗೆ ನೇರ ಕೊಟ್ಟರೆ ಓಡಿಹೋಗುತ್ತದೆ. ಬಾಯಲ್ಲಿ ಹೇಳಲು ಬಲು ಚೆಂದ.

ಹಾಸನದಮ್ಮ:
ಇಷ್ಟೊಂದು ಬರುತ್ತದೆ ಅಂದುಕೊಂಡಿರಲಿಲ್ಲ. ನಮ್ಮ ಮನೆಯವರು ‘ಎರಗಾನ್’ ತರೋಣ ಅನ್ನುತ್ತಿದ್ದಾರೆ, ಅವರು ಕಾಲೇಜಿನಲ್ಲಿ ಓದಿದ್ದರಂತೆ. ಒಂಬತ್ತಕ್ಕೆ ಆಗುತ್ತದಾ?

ಡಲ್ಲಾಸ್ ಕನ್ನಡಿಗ:
ಬೇಡ, ಈಗ ಬೇಡ. 500 ಪುಟ, ಮೊದಲ 100 ನಿಧಾನ. ಹನ್ನೆರಡಾಗಲಿ.

ಬೆಂಕಿಕಡ್ಡಿ:
ನಾನು ಹತ್ತಕ್ಕೇ ಓದಿದೆ, ಏನೂ ಆಗಲಿಲ್ಲ. ಕ್ರಿಸ್ಟೋಫರ್ ಪಾವೊಲೀನಿ ಅದನ್ನು ಬರೆಯಲು ಶುರು ಮಾಡಿದಾಗ ಅವನಿಗೇ ಹದಿನೈದು. 2002ರಲ್ಲಿ ಮನೆಯವರೇ ಸೇರಿ ಅಚ್ಚು ಹಾಕಿಸಿ ಊರೂರು ತಿರುಗಿ ಮಾರಿದ್ದರು, ಮರುವರ್ಷ ದೊಡ್ಡ ಪ್ರಕಾಶಕರು ತೆಗೆದುಕೊಂಡರು. ಒಬ್ಬ ಹುಡುಗ ಇಷ್ಟು ದಪ್ಪ ಪುಸ್ತಕ ಬರೆದನಲ್ಲ ಅನ್ನುವುದೇ ನನಗೆ ಓದಲು ಕಾರಣ. ನಾನೂ ಒಂದು ನೋಟ್‌ಬುಕ್ ತುಂಬಾ ಬರೆದೆ.

ಪುಸ್ತಕದಹುಳು:
ವಯಸ್ಸಿನ ಲೆಕ್ಕ ಸ್ವಲ್ಪ ಬದಿಗಿಡಿ. ಮಕ್ಕಳು ಡ್ರ್ಯಾಗನ್ ಪುಸ್ತಕ ಕೇಳಿದಾಗ ಎಲ್ಲರೂ ಒಂದೇ ಕೇಳುತ್ತಿರುವುದಿಲ್ಲ, ನನ್ನ ಅನುಭವದಲ್ಲಿ. ಕೆಲವರಿಗೆ ಡ್ರ್ಯಾಗನ್ ಒಬ್ಬ ಗೆಳೆಯ, ಬೆನ್ನ ಮೇಲೆ ಕೂರಿಸಿಕೊಂಡು ಹಾರುವವನು. ಅವರಿಗೆ ಎರಗಾನ್, ಟೂತ್‌ಲೆಸ್, ಕೊರ್ನೆಲಿಯಾ ಫುಂಕೆ ಅವರ ‘ಡ್ರ್ಯಾಗನ್ ರೈಡರ್’. ಕೊನೆಯದು ಜರ್ಮನ್‌ನಲ್ಲಿ 1997ರಲ್ಲಿ ಬಂದದ್ದು. ಬೆಳ್ಳಿ ಡ್ರ್ಯಾಗನ್ ಒಂದು ಹಿಮಾಲಯದಲ್ಲಿ ತನ್ನವರ ನೆಲೆ ಹುಡುಕಿಕೊಂಡು ಹೋಗುತ್ತದೆ, ದಾರಿಯಲ್ಲಿ ಸಿಂಧೂ ನದಿಯೂ ಸಿಗುತ್ತದೆ. ಇನ್ನು ಕೆಲವರಿಗೆ ಗೆಳೆಯ ಬೇಡ, ತಾವೇ ಡ್ರ್ಯಾಗನ್ ಆಗಬೇಕು. ‘ವಿಂಗ್ಸ್ ಆಫ್ ಫೈರ್’ ಹಿಡಿದುಕೊಳ್ಳುವುದು ಇವರನ್ನೇ. ಅದರಲ್ಲಿ ಮನುಷ್ಯರು ಎಲ್ಲೋ ಮೂಲೆಯಲ್ಲಿ ಓಡಾಡುವ ಚಿಕ್ಕ ಪ್ರಾಣಿಗಳು ಅಷ್ಟೇ. ಇಂಥ ಮಗುವಿಗೆ ಸವಾರನ ಕತೆ ಕೊಟ್ಟರೆ ಸಪ್ಪೆ ಅನಿಸುತ್ತದೆ, ‘ಇದರಲ್ಲಿ ಡ್ರ್ಯಾಗನ್ ಕುದುರೆ ಥರ ಇದೆ’ ಅಂತ ಒಬ್ಬಳು ವಾಪಸ್ ತಂದುಕೊಟ್ಟಿದ್ದಳು. ಮೂರನೆಯವರಿಗೆ ಕುಲ, ನಕ್ಷೆ, ಪಟ್ಟಿ, ಯಾವುದಕ್ಕೆ ಯಾವ ಶಕ್ತಿ, ಇದೇ ಮುಖ್ಯ. ಅವರಿಗೆ ಕತೆಗಿಂತ ‘ಡ್ರ್ಯಾಗನಾಲಜಿ’ ಅಂಥ ಕೈಪಿಡಿ ಪುಸ್ತಕ ಜಾಸ್ತಿ ಹಿಡಿಸುತ್ತದೆ.

ನಿಮ್ಮ ಮಗಳು ಆಟ ಆಡುವಾಗ ನೋಡಿ. ಡ್ರ್ಯಾಗನ್ ಆಗುತ್ತಾಳಾ, ಸವಾರಿ ಮಾಡುತ್ತಾಳಾ, ಪಟ್ಟಿ ಬರೆಯುತ್ತಾಳಾ?

ಹಾಸನದಮ್ಮ:
ಈಗಷ್ಟೇ ಕೇಳಿದೆ. ‘ನಾನು ರೇನ್‌ವಿಂಗ್, ತಮ್ಮ ಸ್ಕ್ಯಾವೆಂಜರ್’ ಅಂದಳು. ಅಂದರೆ ಅವಳು ಡ್ರ್ಯಾಗನ್, ಅವನು ಬರೀ ಮನುಷ್ಯ. ತಮ್ಮನಿಗೆ ಆ ಪಾತ್ರ ಬೇಡವಂತೆ, ಜಗಳ ನಡೆಯುತ್ತಿದೆ.

ಪುಸ್ತಕದಹುಳು:
ಹಾಗಿದ್ದರೆ ಉತ್ತರ ಸಿಕ್ಕಿತು, ಅದೇ ಸರಣಿ ಮುಂದುವರಿಸಿ. ನಡುವೆ ರುಚಿ ಬದಲಾಗಲು ಪೆಟ್ರೀಷಿಯಾ ರೀಡಿ ಅವರ ‘ಡೀಲಿಂಗ್ ವಿತ್ ಡ್ರ್ಯಾಗನ್ಸ್’ ಇಟ್ಟುಕೊಳ್ಳಿ, 1990ರದು. ಸಿಮೊರೀನ್ ಅನ್ನುವ ರಾಜಕುಮಾರಿ ಮದುವೆ ತಪ್ಪಿಸಿಕೊಂಡು ತಾನಾಗೇ ಡ್ರ್ಯಾಗನ್ ಮನೆಗೆ ಹೋಗಿ ಅಡುಗೆ ಮಾಡುತ್ತಾಳೆ, ಅದರ ಪುಸ್ತಕ ಜೋಡಿಸಿಡುತ್ತಾಳೆ. ಬಿಡಿಸಲು ಬರುವ ವೀರರನ್ನು ಓಡಿಸುವುದೇ ಅವಳಿಗೊಂದು ಕೆಲಸ. ಆ ಡ್ರ್ಯಾಗನ್ ಕಜುಲ್ ಹೆಣ್ಣು, ಅವಳೂ ಯಾರ ಕುದುರೆಯೂ ಅಲ್ಲ.

ತಮ್ಮನಿಗೆ ಡ್ರ್ಯಾಗನ್ ಮಾಸ್ಟರ್ಸ್ ಜೊತೆ ರೂತ್ ಸ್ಟೈಲ್ಸ್ ಗ್ಯಾನೆಟ್ ಬರೆದ ‘ಮೈ ಫಾದರ್ಸ್ ಡ್ರ್ಯಾಗನ್’ ಓದಿ ಹೇಳಿ. 1948ರದು, ಹತ್ತೇ ಅಧ್ಯಾಯ. ಕಾಡಿನ ಪ್ರಾಣಿಗಳು ಡ್ರ್ಯಾಗನ್ ಮರಿಯೊಂದನ್ನು ಹಗ್ಗ ಕಟ್ಟಿ ಹೊಳೆ ದಾಟುವ ದೋಣಿಯ ಹಾಗೆ ದುಡಿಸಿಕೊಳ್ಳುತ್ತಿವೆ. ಎಲ್ಮರ್ ಅನ್ನುವ ಹುಡುಗ ಚೂಯಿಂಗ್ ಗಮ್, ಲಾಲಿಪಾಪ್, ರಬ್ಬರ್ ಬ್ಯಾಂಡ್ ಚೀಲಕ್ಕೆ ಹಾಕಿಕೊಂಡು ಹೋಗಿ ಬಿಡಿಸುತ್ತಾನೆ. ಹುಲಿಗೆ ಚೂಯಿಂಗ್ ಗಮ್, ಮೊಸಳೆಗಳಿಗೆ ಲಾಲಿಪಾಪ್. ಕತ್ತಿಯೇ ಬೇಕಾಗುವುದಿಲ್ಲ.

ಹಾಸನದಮ್ಮ:
ಪಟ್ಟಿ ಮಾಡಿಕೊಂಡೆ. ಬೆಂಗಳೂರಿಗೆ ಹೋದಾಗ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಮೊದಲು ಹುಡುಕುತ್ತೇನೆ, ಸಿಗದಿದ್ದದ್ದು ಆನ್‌ಲೈನಿನಲ್ಲಿ, ಲೇಖಕಿಯ ಹೆಸರು ಹಾಕಿಯೇ ತಾತ! ಕರ್ವಾಲೊ ಮನೆಯಲ್ಲೇ ಇದೆ, ಇವತ್ತು ರಾತ್ರಿಯಿಂದ ಶುರು. ಮಿನ್‌ಲಿ ಪುಸ್ತಕ ನಾನು ಓದಲು ತರಿಸುತ್ತಿದ್ದೇನೆ, ಮಗಳು ಆಮೇಲೆ.

ನೈಟ್‌ವಿಂಗ್ ಹುಡುಗಿ:
ಆಂಟಿ ಒಂದು ನಿಮಿಷ, ‘ಡಾರ್ಕ್‌ಸ್ಟಾಕರ್’ ಅಂತ ಬೇರೆ ಒಂದು ದಪ್ಪ ಪುಸ್ತಕ ಇದೆ, ಅದರ ಮೇಲೆ ನಂಬರ್ ಇರಲ್ಲ. ಹಿಂದಿನ ಕಾಲದ ಕತೆ ಅಂತ ಅಂಗಡಿಯವರು ಮೊದಲೇ ಓದಿ ಅಂದರೂ ಕೇಳಬೇಡಿ. ಎಂಟನೆಯದು ಮುಗಿಸಿ, ಅದು ಓದಿ, ಆಮೇಲೆ ಒಂಬತ್ತು. ಅವಳಿಗೂ ಹೇಳಿ.